ಅಕ್ಕನ ಎಡ ಅಂಗೈ

ಅಕ್ಕನ ಎಡ ಅಂಗೈ ಅಗಲವಾಗಿತ್ತು. ನಡುವೆ ಸಣ್ಣದೊಂದು ತಗ್ಗು. ಮುಂಜಾನೆ ಜಳಕ ಮುಗಿಸಿ, ಹಣೆಗೂ ತೋಳಿಗೂ ವಿಭೂತಿ ಹಚ್ಚಿಕೊಂಡು, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಆ ತಗ್ಗಿನಲ್ಲಿ ಇಟ್ಟುಕೊಂಡರೆ ಅದು ಮಣ್ಣಿನಲ್ಲಿ ಹೂತ ಕಲ್ಲಿನಂತೆ ಕೂತುಬಿಡುತ್ತಿತ್ತು. ಆ ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಮೊಣಕೈಗೆ ಯಾವ ಆಸರೆಯೂ ಇಲ್ಲದೆ, ನಾನು ಒಲೆಯ ಮೇಲಿಟ್ಟ ಹಾಲು ಉಕ್ಕಿ ಬರುವವರೆಗೂ ಲಿಂಗ ನೋಡುತ್ತ ಕೂಡುತ್ತಿದ್ದಳು. ನನಗೆ ಅಷ್ಟು ಹೊತ್ತು ಆಗುವುದಿಲ್ಲ. ಹಾಲು ಉಕ್ಕುವ ಮೊದಲೇ ನನ್ನ ಮನಸ್ಸು ಒಲೆಯ ಹತ್ತಿರ ಹೋಗಿರುತ್ತದೆ, ಕೈ ತಾನಾಗಿಯೇ ತೊಡೆಯ ಮೇಲೆ ಇಳಿದಿರುತ್ತದೆ.

ಅಕ್ಕ ಎಂದರೆ ನನ್ನ ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಮೂಡಲಗಿಯ ಮಗಳು. ನಾನು ಮೇಲವಂಕಿಯಿಂದ ಗೋಕಾಕದ ಈ ಮನೆಗೆ ಮದುವೆಯಾಗಿ ಬಂದಾಗ ಅತ್ತೆ ಇರಲಿಲ್ಲ, ನನ್ನ ತವರಿನಲ್ಲಿ ತಾಯಿಯೂ ಇರಲಿಲ್ಲ. ಎರಡೂ ಜಾಗದಲ್ಲಿ ಅಕ್ಕನೇ ಕೂತಳು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಕೊನೆಯವರೆಗೂ ನಾನು ಅವಳಿಗೆ ‘ಸಣ್ಣಾಕಿ’.

ಬಂದ ಮರುದಿನವೇ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂಡಿಸಿ ರೊಟ್ಟಿ ಬಡಿಯಲು ಹೇಳಿದಳು. ನನ್ನ ರೊಟ್ಟಿ ಒಂದು ಕಡೆ ಹರಿಯಿತು, ಇನ್ನೊಂದು ಕಡೆ ದಪ್ಪಗೆ ಉಳಿಯಿತು.

“ಬೆರಳಿಂದ ಯಾಕ ಬಡಿತಿ? ರೊಟ್ಟಿ ಅನ್ನೂದು ಹಿಟ್ಟಿನ ಕೆಲಸ ಅಲ್ಲ ಸಣ್ಣಾಕಿ, ಹೆಗಲಿನ ಕೆಲಸ,” ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ತಾನು ಬಡಿದಳು. ಬಲಗೈ ಬಡಿಯುತ್ತಿತ್ತು, ಎಡಗೈ ತಿರುಗಿಸುತ್ತಿತ್ತು. ಆ ಸಪ್ಪಳ ಓಣಿಯ ತುದಿಗೆ ಕೇಳುತ್ತಿತ್ತು. ಬಾಜೂ ಮನೆಯ ಕಾಕು ಅದನ್ನು ಕೇಳಿಯೇ ತನ್ನ ಒಲೆ ಹೊತ್ತಿಸುತ್ತಿದ್ದಳು.

ಅಕ್ಕ ದಪ್ಪಗಿದ್ದಳು. ಯಾರಾದರೂ ಹಾಗೆಂದರೆ, “ದಪ್ಪಿಲ್ಲ, ಗಟ್ಟಿ ಅದೇನಿ. ಮೂಡಲಗಿ ಮಣ್ಣ ಅದು, ನಿಮಗೇನ ಗೊತ್ತು,” ಎನ್ನುತ್ತಿದ್ದಳು. ಉಂಡ ತಾಟನ್ನು ಬೆರಳಿನಿಂದ ಒರೆಸಿ, ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿಯುತ್ತಿದ್ದಳು. ಪ್ರಸಾದದ ಒಂದು ಅಗುಳೂ ಕೆಡಬಾರದು. ನಮ್ಮಲ್ಲಿ ಹಿರಿಯರು ಹಾಗೆ ಮಾಡುತ್ತಾರೆ, ಆದರೆ ಅಕ್ಕನಷ್ಟು ಪ್ರೀತಿಯಿಂದ ಮಾಡಿದವರನ್ನು ನಾನು ನೋಡಿಲ್ಲ. ಇದನ್ನು ಮೊದಲೇ ಹೇಳಿಡುತ್ತೇನೆ, ಏಕೆಂದರೆ ಮುಂದೆ ಇದೇ ಹೆಂಗಸು ತಾಟನ್ನೇ ದೂರ ಸರಿಸಿದಳು.

ನನ್ನ ಎರಡೂ ಬಾಣಂತನ ಅವಳದೇ. ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ತಿಕ್ಕಿ ಎರೆಯುತ್ತಿದ್ದಳು. ಎಡ ಅಂಗೈಯಲ್ಲಿ ಕೂಸಿನ ಎದೆ ಮತ್ತು ಗದ್ದ, ಬಲಗೈಯಲ್ಲಿ ನೀರಿನ ತಂಬಿಗೆ. ಎಣ್ಣೆ ಹಚ್ಚಿದ ಕೂಸು ಮೀನಿನಂತೆ ಜಾರುತ್ತದೆ. ನನಗೆ ನೋಡಲೇ ಭಯ, ಗೋಡೆಯ ಕಡೆ ಮುಖ ಮಾಡುತ್ತಿದ್ದೆ. “ಇತ್ತಾಗ ನೋಡ, ಹೇಡಿ! ಲಿಂಗ ಹಿಡಿಯೂ ಕೈ ಇದು, ಕೂಸಿನ್ನ ಬಿಡತೈತೇನು?” ಎನ್ನುತ್ತಿದ್ದಳು.

ಅಕ್ಕನಿಗೆ ಒಬ್ಬಳೇ ಮಗಳು. ಹುಕ್ಕೇರಿಗೆ ಕೊಟ್ಟಿದೆ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ, ಎಲ್ಲರೂ ಕೇಳುವುದನ್ನೂ ಬಿಟ್ಟ ಮೇಲೆ, ಒಂದು ದಿನ ಫೋನಿನಲ್ಲಿ ಸುದ್ದಿ ಹೇಳಿದಳು. ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟು ದೇವರ ಜಗುಲಿಯ ಮುಂದೆ ಹೋಗಿ ನಿಂತಳು. ತಿರುಗಿ ಬಂದಾಗ ಮೊದಲು ಕೇಳಿದ್ದು, “ಸಣ್ಣಾಕಿ, ಮಣಿ ಎಲ್ಲೈತಿ?”

ಮಣೆ ಅಟ್ಟದ ಮೇಲಿತ್ತು. ಇಳಿಸಿ ಕೊಟ್ಟೆ. ಅಕ್ಕ ಅದರ ಮೇಲೆ ಕೂಡಲು ಹೋದಳು, ಅರ್ಧಕ್ಕೇ ನಿಂತಳು. ಮೊಳಕಾಲು ಮಡಚಲಿಲ್ಲ. ಕೆಲವು ವರ್ಷಗಳಿಂದ ಪೂಜೆಯನ್ನೂ ಅವಳು ಎತ್ತರದ ಸ್ಟೂಲಿನ ಮೇಲೆ ಕೂತೇ ಮಾಡುತ್ತಿದ್ದಳು, ಅದು ನಮಗೆ ರೂಢಿಯಾಗಿಬಿಟ್ಟಿತ್ತು. ಮಣೆಯ ಮುಂದೆ ಬಾಗಿ ನಿಂತಾಗ ಮಾತ್ರ ಅವಳ ಮುಖ ಸಣ್ಣದಾಯಿತು.

ಗೋಕಾಕದ ಒಬ್ಬ ಎಲುಬಿನ ಡಾಕ್ಟರಿಗೆ ತೋರಿಸಿದೆವು. ಫೋಟೋ ತೆಗೆಸಿ ನೋಡಿ, “ತೂಕ ಇಳಿಸ್ರಿ, ಮೊಳಕಾಲಿನ ಮ್ಯಾಲಿನ ಭಾರ ಕಡಿಮಿ ಆಗ್ಲಿ,” ಎಂದರು. ಮಾತು ಖರೆಯೇ. ಆದರೆ ಹೇಗೆ ಇಳಿಸಬೇಕೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹೊರಗೆ ಅಷ್ಟು ಮಂದಿ ಪಾಳಿ ಹಚ್ಚಿ ಕೂತಿದ್ದರು. ಅಕ್ಕನಿಗೆ ಅಷ್ಟೇ ಸಾಕಾಯಿತು. ಮನೆಗೆ ಬಂದವಳೇ ಉಣ್ಣುವುದನ್ನು ಬಿಟ್ಟಳು.

ಮುಂಜಾನೆ ಒಂದು ಲೋಟ ತಿಳಿ ಅಂಬಲಿ, ಮಧ್ಯಾಹ್ನ ನೀರುಮಜ್ಜಿಗೆ, ಸಂಜೆ ಸೌತೆಕಾಯಿ. ನಡುವೆ ಜೀರಿಗೆ ಕುದಿಸಿದ ನೀರು, ಅದು ಕಾಕು ಹೇಳಿಕೊಟ್ಟದ್ದು. ಸೋಮವಾರ ಅದೂ ಇಲ್ಲ, ಉಪವಾಸ. ಹೊಲದ ಕೆಲಸ, ಮನೆಯ ಕೆಲಸ ಎಂದು ಓಡಾಡುತ್ತಿದ್ದವಳು ಸುಸ್ತಾಗಿ ಮಧ್ಯಾಹ್ನವೆಲ್ಲ ಮಲಗತೊಡಗಿದಳು. ಗುಡಿಗೆ ಹೋಗಿ ಬರುವಾಗ ಔಷಧ ಅಂಗಡಿಯ ಬಾಗಿಲಲ್ಲಿರುವ ತೂಕದ ಕಾಟಾದ ಮೇಲೆ ನಿಲ್ಲುತ್ತಿದ್ದಳು. ಮೊದಲ ವಾರ ಮುಳ್ಳು ಎಷ್ಟು ಸರಿದಿತ್ತೆಂದರೆ ಅಕ್ಕ ಮನೆಗೆ ಬಂದು ಓಣಿಗೆಲ್ಲ ಸಕ್ಕರೆ ಹಂಚಿದಳು. ತಾನು ಒಂದು ಹರಳನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ನೋಡಿದವರೆಲ್ಲ ಹೊಗಳಿದರು. ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. “ಎಷ್ಟ ಛಂದ ಆಗೀರಿ ಅಕ್ಕಾರ!” “ಹತ್ತ ವರ್ಷ ಸಣ್ಣಾವ್ರಂಗ ಕಾಣತೀರಿ!” ಮದುವೆ ಮನೆಯಲ್ಲಿ, ಗುಡಿಯಲ್ಲಿ, ಬಸ್ಸಿನಲ್ಲಿ ಅದೇ ಮಾತು. ಒಬ್ಬರಾದರೂ “ಅಕ್ಕಾ, ಏನ ಉಣ್ಣಾಕತ್ತೀರಿ?” ಎಂದು ಕೇಳಲಿಲ್ಲ. ಬಳೆ ಮೊಣಕೈವರೆಗೂ ಸರಿಯುತ್ತಿದ್ದವು. ಕುಪ್ಪಸದ ತೋಳಿನಲ್ಲಿ ಇನ್ನೊಂದು ತೋಳು ಹಿಡಿಯುವಷ್ಟು ಜಾಗ ಆಯಿತು. ಅದನ್ನೂ ಅಕ್ಕ ಎಲ್ಲರಿಗೂ ಎಳೆದು ಎಳೆದು ತೋರಿಸುತ್ತಿದ್ದಳು.

ನಾನು ಬೇರೆಯದನ್ನು ನೋಡುತ್ತಿದ್ದೆ, ಏಕೆಂದರೆ ಅಡುಗೆಮನೆಯಲ್ಲಿ ದಿನವೂ ಅವಳ ಬಾಜೂ ಇರುವವಳು ನಾನೇ. ಉಪ್ಪಿನಕಾಯಿ ಭರಣಿಯ ಮುಚ್ಚಳ ಅವಳಿಗೆ ತೆರೆಯಲು ಬರಲಿಲ್ಲ. ಹಿಂಡಿ ಹಾಕಿದ ಸೀರೆಯಿಂದ ನೀರು ಸೋರುತ್ತಿತ್ತು. ತಾಮ್ರದ ಕೊಡವನ್ನು ಒಂದೇ ಕೈಯಲ್ಲಿ ಎತ್ತಿ ಸೊಂಟಕ್ಕೆ ಇಡುತ್ತಿದ್ದವಳು ಈಗ ಎರಡು ಕೈ ಹಾಕಿ, ಮತ್ತೆ ಕೆಳಗಿಟ್ಟು, ಉಸಿರು ಬಿಡುತ್ತಿದ್ದಳು. ರೊಟ್ಟಿಯ ಸಪ್ಪಳ ದಿನದಿನಕ್ಕೆ ಸಣ್ಣದಾಯಿತು. ಒಂದು ದಿನ ಕಾಕು ಗೋಡೆಯಾಚೆಯಿಂದ, “ಇವತ್ತ ನಿಮ್ಮ ಮನ್ಯಾಗ ರೊಟ್ಟಿ ಇಲ್ಲೇನ?” ಎಂದು ಕೇಳಿದಳು. ಅಕ್ಕ ಆಗ ರೊಟ್ಟಿ ಬಡಿಯುತ್ತಲೇ ಇದ್ದಳು.

“ಅಕ್ಕಾ, ಒಂದ ರೊಟ್ಟಿ ಉಣ್ರಿ. ಕೈಯಾಗ ಕಸುವ ಇಲ್ಲ ನಿಮಗ,” ಎಂದೆ.

“ನಿನಗ ಹೊಟ್ಟಿಕಿಚ್ಚ. ನೀ ದಪ್ಪ ಆಗಾಕತ್ತಿ, ನಾ ಸಣ್ಣ ಆಗಾಕತ್ತೇನಿ.”

“ಪ್ರಸಾದ ದೂರ ಸರಿಸಿ ಯಾವ ಪೂಜಿ ಮಾಡತೀರಿ? ನೀವ ಅಲ್ಲೇನ್ರಿ ತಾಟ ತೊಳದ ಕುಡಿಯಾಕ ನನಗ ಕಲಿಸಿದವ್ರು?”

ಆ ಮಾತು ತಾಗಿತು. ಅಕ್ಕ ಎರಡು ದಿನ ನನ್ನ ಸಂಗಡ ಮಾತಾಡಲಿಲ್ಲ. ಮೂರನೆಯ ದಿನ ಮಾತಾಡಿದಳು, ಆದರೆ ಉಣ್ಣಲಿಲ್ಲ. ಅವಳ ಹಟದ ಮುಂದೆ ನಾನು ಎಂದೂ ಗೆದ್ದವಳಲ್ಲ. ಮಾತಾಡಿದಳಲ್ಲ, ಅದೇ ಶಿವನ ದಯೆ ಎಂದುಕೊಂಡೆ.

ಖರೆ ಹೇಳಬೇಕೆಂದರೆ ಮೊಳಕಾಲು ಹಗುರಾದವು. ಒಂದು ದಿನ ಅಕ್ಕ ನನ್ನನ್ನು ಕೂಗಿ ಕರೆದಳು. ಹೋಗಿ ನೋಡಿದರೆ ಮಣೆಯ ಮೇಲೆ ಕಾಲು ನೀಡಿ ರಾಣಿಯ ಹಾಗೆ ಕೂತಿದ್ದಾಳೆ. “ಈಗೇನ ಅಂತಿ?” ಎಂದಳು. ನಾನು ಏನನ್ನಲಿ? ಖುಷಿಯಾಯಿತು. ಅಂದಿನಿಂದ ಪೂಜೆಗೂ ಸ್ಟೂಲು ಬಿಟ್ಟು ಕೆಳಗೇ ಕೂಡತೊಡಗಿದಳು. ಆದರೆ ಮಣೆಯಿಂದ ಏಳುವಾಗ ಗೋಡೆ ಹಿಡಿದಳು, ಸಾಲದೆ ನನ್ನ ಸೆರಗು ಹಿಡಿದಳು. ಅದನ್ನು ನಾನು ಹೇಳಲಿಲ್ಲ, ಅವಳೂ ಹೇಳಲಿಲ್ಲ.

ಮಗಳು ಸೀಮಂತದ ಕುಬಸ ಮುಗಿಸಿಕೊಂಡು ಹೆರಿಗೆಗೆ ತವರಿಗೆ ಬಂದ ಮೇಲೆ ಒಂದು ಮುಂಜಾನೆ ಪೂಜೆಯ ಹೊತ್ತಿಗೆ ಕಾಕು ಮೊಸರಿಗೆ ಹೆಪ್ಪು ಕೇಳಲು ಬಂದಳು. ಅಕ್ಕ ಲಿಂಗ ಹಿಡಿದು ಕೂತಿದ್ದಳು. ಕಾಕು ಬಾಗಿಲಲ್ಲೇ ನಿಂತು, ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟು, ನಮಸ್ಕಾರ ಮಾಡಿಬಿಟ್ಟಳು.

“ಯವ್ವಾ! ಲಿಂಗ ಕುಣಿಯಾಕತ್ತೈತಿ! ಅಕ್ಕನ ಅಂಗೈಯಾಗ ಶಿವ ಬಂದಾನ!”

ನೋಡಿದೆ. ಲಿಂಗ ನಡುಗುತ್ತಿತ್ತು. ಅಂಗೈ ನಡುಗುತ್ತಿತ್ತು. ಮೊಣಕೈಯಿಂದ ಬೆರಳಿನ ತುದಿಯವರೆಗೆ ತೋಳು ಗಾಳಿಗೆ ಸಿಕ್ಕ ಜೋಳದ ಗರಿಯ ಹಾಗೆ ಅಲುಗುತ್ತಿತ್ತು.

ಮಧ್ಯಾಹ್ನದೊಳಗೆ ಓಣಿಗೆಲ್ಲ ಸುದ್ದಿ. ಮರುದಿನ ಮುಂಜಾನೆ ಐದಾರು ಹೆಂಗಸರು ಹೂವು ಹಿಡಿದು ಬಂದರು. “ಇಷ್ಟ ದಿನ ಉಪಾಸ ಮಾಡ್ಯಾರ, ಸುಮ್ಮನ ಅಲ್ಲ,” ಎಂದರು. “ಬಂಜಿತನ ಕಳೆದು ಮಗಳಿಗೆ ಕೂಸ ಕೊಟ್ಟಾನ, ಈಗ ತಾನ ಬಂದಾನ,” ಎಂದರು. ಅಕ್ಕ ಕಣ್ಣು ಮುಚ್ಚಿಕೊಂಡಳು. ಅವಳ ಮುಖದಲ್ಲಿ ಎಂಥ ತೃಪ್ತಿ ಇತ್ತೆಂದರೆ ನನಗೆ ಅಳು ಬಂತು.

ನನ್ನ ಕಷ್ಟ ಯಾರಿಗೆ ಹೇಳಲಿ? ನಾನೂ ದಿನಾ ಲಿಂಗಪೂಜೆ ಮಾಡುವವಳು. ದೇವರು ಬಂದಿದ್ದಾನೆ ಎನ್ನುವವರ ಮುಂದೆ ನಿಂತು, ಇಲ್ಲ, ಇದು ಹಸಿವು ಎಂದು ಹೇಗೆ ಹೇಳುವುದು? ಗಂಡನ ಮುಂದೆ ಹೇಳಿದರೆ, “ದೇವರ ವಿಷಯದಾಗ ಬಾಯಿ ಹಾಕಬ್ಯಾಡ,” ಎಂದರು. ಭಾವನವರು ಪೇಪರ್ ಓದುತ್ತ ಹೂಂ ಎಂದರು. ಶಿವ ನಮ್ಮ ಮನೆಗೆ ಬರುವುದಾದರೆ ಒಬ್ಬಳ ರಟ್ಟೆಯ ಕಸುವು ಕಸಿದುಕೊಂಡು ಯಾಕೆ ಬರುತ್ತಾನೆ ಎಂದು ನಾನು ಪಾತ್ರೆ ತಿಕ್ಕುತ್ತ ನನ್ನಷ್ಟಕ್ಕೇ ಕೇಳಿಕೊಂಡೆ. ಪಾತ್ರೆಗಳು ಅಂದು ಬಹಳ ಸಪ್ಪಳ ಮಾಡಿದವು.

ಮರುದಿನ ಹೆಂಗಸರು ಬರುವ ಮೊದಲೇ ಅಕ್ಕನ ಪಕ್ಕದಲ್ಲಿ ಕೂತೆ. ತೋಳು ನಡುಗಲು ಶುರುವಾದ ಕೂಡಲೇ ನನ್ನ ಕೈಯನ್ನು ಅವಳ ಮೊಣಕೈಯ ಕೆಳಗೆ ಇಟ್ಟೆ. ನಡುಕ ನಿಂತಿತು.

ಅಕ್ಕ ಕಣ್ಣು ತೆರೆದಳು. ಬಲಗೈಯಿಂದ ನನ್ನ ಕೈಗೆ ಪಟ್ಟನೆ ಹೊಡೆದಳು. “ಕೈ ತಗಿ! ನನ್ನ ಲಿಂಗ ನಾ ಹಿಡಿತೇನಿ.”

ತೆಗೆದೆ. ನಡುಕ ಮತ್ತೆ ಶುರುವಾಯಿತು. ಅವಳಿಗೂ ತಿಳಿಯಿತೆಂದು ನನಗೆ ಗೊತ್ತು, ಏಕೆಂದರೆ ಅಂದು ಹೆಂಗಸರು ಬಂದಾಗ ಅವಳು ಬೇಗನೆ ಪೂಜೆ ಮುಗಿಸಿ ಎದ್ದಳು.

ಕೆಲವೇ ದಿನಗಳಲ್ಲಿ ಅದು ನಡೆಯಿತು. ದೇವರ ಜಗುಲಿಯ ಮುಂದೆ ನಾವಿಬ್ಬರೇ. ಮಗಳು ಒಳಗೆ ಮಲಗಿದ್ದಳು. ಅಕ್ಕ ಲಿಂಗಕ್ಕೆ ನೀರೆರೆದು ಪತ್ರಿ ಏರಿಸಿ ಕೈ ಎತ್ತಿದಳು. ಅಂಗೈ ಒದ್ದೆಯಾಗಿತ್ತು, ತೋಳು ಜೋರಾಗಿ ನಡುಗಿತು, ಲಿಂಗ ಜಾರಿ ಅವಳ ಮಡಿಲಿಗೆ ಬಿತ್ತು. ನೆಲಕ್ಕೆ ಬೀಳಲಿಲ್ಲ. ಸೀರೆಯ ನೆರಿಗೆಯಲ್ಲಿ ನಿಂತಿತು. ಅಷ್ಟನ್ನು ಶಿವ ಉಳಿಸಿಕೊಟ್ಟ.

ಅಕ್ಕ ಅದನ್ನು ಎತ್ತಿಕೊಳ್ಳಲಿಲ್ಲ. ಮಡಿಲನ್ನೇ ನೋಡುತ್ತ ಕೂತಳು. ಅಪಚಾರವಾಯಿತೆಂದು ಅಳುತ್ತಾಳೆ, ಮಠದ ಅಯ್ಯನವರನ್ನು ಕರೆಸು ಎನ್ನುತ್ತಾಳೆ ಎಂದುಕೊಂಡೆ. ಅವಳು ಒಳಗೆ ಮಲಗಿದ್ದ ಮಗಳ ಕಡೆ ತಿರುಗಿ, ದನಿ ಇಳಿಸಿ ಕೇಳಿದ್ದೇ ಬೇರೆ.

“ಸಣ್ಣಾಕಿ, ಇದ ಕೂಸ ಆಗಿದ್ರ?”

ಅಂದೇ ಘಟಪ್ರಭಾಕ್ಕೆ ಹೊರಟೆವು. ಅಲ್ಲಿ ಒಬ್ಬ ಡಾಕ್ಟರಬಾಯಿ ಇದ್ದಾಳೆ, ಮಗಳ ವಯಸ್ಸಿನವಳು. ಅಕ್ಕನನ್ನು ಕುರ್ಚಿಯಲ್ಲಿ ಕೂಡಿಸಿ, “ಕೈ ಊರಲಾರದ ಎದ್ದ ನಿಲ್ರಿ ಅಮ್ಮಾ,” ಎಂದಳು. ಅಕ್ಕ ಮುಂದೆ ಬಾಗಿದಳು, ಹಿಂದೆ ಬಿದ್ದಳು. ಮತ್ತೆ ಬಾಗಿದಳು. ಏಳಲಾಗಲಿಲ್ಲ. ಡಾಕ್ಟರಬಾಯಿ ತನ್ನ ಎರಡು ಬೆರಳು ಕೊಟ್ಟು, “ಒತ್ರಿ,” ಎಂದಳು. ಅಕ್ಕ ಹಲ್ಲು ಕಚ್ಚಿ ಒತ್ತಿದಳು. “ಒತ್ರಿ,” ಎಂದು ಡಾಕ್ಟರಬಾಯಿ ಮತ್ತೆ ಹೇಳಿದಳು. ಅಕ್ಕ ಒತ್ತುತ್ತಲೇ ಇದ್ದಳು.

ರಕ್ತ ತಪಾಸಣೆ ಮಾಡಿದರು. ನಡುಕಕ್ಕೆ ಬೇರೆ ರೋಗದ ಕಾರಣ ಇರಲಿಲ್ಲ, ಅದೊಂದು ದಯೆ. ಡಾಕ್ಟರಬಾಯಿ ಕುರ್ಚಿ ಎಳೆದುಕೊಂಡು ಅಕ್ಕನ ಎದುರು ಕೂತಳು.

“ತೂಕ ಇಳದೈತಿ. ಆದ್ರ ಏನ ಇಳದೈತಿ ಅಂತ ನೋಡೀರೇನ್ರಿ?”

“ಕೊಬ್ಬ ಇಳದೈತಿ. ಮತ್ತೇನ?”

“ಮೊದಲಿನ ವಾರ ಭಾಳ ಇಳದಿತ್ತಲ್ಲ, ಅದರಾಗ ಹೆಚ್ಚಿನದ ನೀರು. ಉಣ್ಣೂದ ಬಿಟ್ಟಕೂಡಲೇ ಮೈಯಾಗ ಕೂಡಿಟ್ಟ ಸಕ್ಕರಿ ಖರ್ಚ ಆಗತೈತಿ, ಅದರ ಕೂಡ ಹಿಡದಿಟ್ಟ ನೀರೂ ಹೋಗತೈತಿ.”

ಅಕ್ಕ, “ಅಂದ್ರ ಕಡದ ಕಬ್ಬ ಬಿಸಲಾಗ ಗಾಡ್ಯಾಗ ನಿಂತಂಗ,” ಎಂದಳು. “ಕಾರ್ಖಾನಿ ಕಾಟಾಕ್ಕ ಬರೂದ್ರಾಗ ತೂಕ ಹೋಗಿರತೈತಿ. ಹೋಗಿದ್ದ ಬರೇ ನೀರ.”

“ಬರೋಬ್ಬರಿ!” ಎಂದು ಡಾಕ್ಟರಬಾಯಿ ನಕ್ಕಳು. “ಆಮ್ಯಾಲ ಕೊಬ್ಬೂ ಹೋಗೈತಿ, ಇಲ್ಲ ಅನ್ನೂದಿಲ್ಲ. ಅದಕ್ಕ ಮೊಳಕಾಲ ಹಗುರ ಆಗ್ಯಾವ.”

“ಎಲ್ಲಿ ಹೋತದು? ಬೆವರಿನಾಗೇನು?”

“ಹೆಚ್ಚಿನ ಪಾಲ ಉಸಿರಿನಾಗ ಹೋಗತೈತ್ರಿ ಅಮ್ಮಾ. ಒಳಗ ಸುಟ್ಟ ಗಾಳಿ ಆಗಿ ಹೊರಗ ಬರತೈತಿ. ಉಳದದ್ದ ನೀರಾಗಿ ಹೋಗತೈತಿ.”

ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ನಂಬಿಕೆ ಬರಲಿಲ್ಲ.

ಡಾಕ್ಟರಬಾಯಿ ಅಕ್ಕನ ರಟ್ಟೆ ಹಿಡಿದಳು. ಜೋಲುಬಿದ್ದ ತೊಗಲು ಅವಳ ಬೆರಳಿನ ಮೇಲೆ ಮಡಚಿಕೊಂಡಿತು. “ಆದ್ರ ನೀವ ಕಾಳ ತಿನ್ನಲಿಲ್ಲ, ಮೊಸರ ತಿನ್ನಲಿಲ್ಲ, ಕೆಲಸಾನೂ ಬಿಟ್ಟ ಮಲಗಿದ್ರಿ. ಒಲಿಗೆ ಕಟಗಿ ಕಡಿಮಿ ಬಿದ್ದಾಗ ಮೈ ಕೊಬ್ಬ ಅಷ್ಟ ಸುಡೂದಿಲ್ಲ, ಮನಿ ತೊಲಿ ಜಂತೀನೂ ಕಿತ್ತ ಸುಡತೈತಿ. ಇಲ್ಲಿ ಇದ್ದ ಮಾಂಸಖಂಡ ಹೋಗೇತ್ರಿ. ಈ ವಯಸ್ಸಿನಾಗ ಎಲುಬಿನ ಗಟ್ಟಿತನಾನೂ ಸ್ವಲ್ಪ ಹೋಗಿರತೈತಿ. ಕಾಟಾ ಎಷ್ಟ ಹೋತು ಅಂತ ಹೇಳತೈತಿ, ಏನ ಹೋತು ಅಂತ ಹೇಳೂದಿಲ್ಲ.”

“ತಿರಿಗಿ ಬರತೈತೇನು?”

“ಬರತೈತಿ. ಉಣಬೇಕು, ದಿನಾ ಕೈಕಾಲಿಗೆ ಕೆಲಸ ಕೊಡಬೇಕು. ಆದ್ರ ಹೋಗೂದ ಲಗೂ, ಬರೂದ ಸಾವಕಾಶ.”

“ಮಗಳಿಗೆ ದಿನಾ ತುಂಬ್ಯಾವ,” ಎಂದಳು ಅಕ್ಕ. ಡಾಕ್ಟರಬಾಯಿ ಅಕ್ಕನ ರಟ್ಟೆಯನ್ನು ಮೆಲ್ಲಗೆ ಅವಳ ತೊಡೆಯ ಮೇಲೆ ಇಳಿಸಿದಳು. ಅಷ್ಟರಲ್ಲೇ ಅಕ್ಕನಿಗೆ ಅರ್ಥವಾಯಿತು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಬಾಜೂ ಕೂತಳು. ಆಮೇಲೆ ನನ್ನ ಕಡೆ ತಿರುಗಿ, “ಉಸಿರಿನಾಗ ಹೋಗತೈತಂತ! ಈ ಬಾಯಿಲೆ ನಾ ಇಷ್ಟ ವರ್ಷ ಮಾತಾಡೇನಿ, ಖರೆ ಇದ್ದಿದ್ರ ಯಾವಾಗೋ ಕಡ್ಡಿ ಆಗಿರತಿದ್ದೆ,” ಎಂದಳು. ನಾನು ನಕ್ಕೆ. ಅವಳೂ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಮೊಳಕಾಲಿಗಾಗಿ ರಟ್ಟೆಯನ್ನು ಕೊಟ್ಟುಬಂದಿದ್ದಳು. ಮಣೆಯ ಮೇಲೆ ಕೂಡಲು ಬಂತು, ಕೂತು ಕೂಸನ್ನು ಹಿಡಿಯಲು ಬಾರದು. ಇಂಥ ವ್ಯಾಪಾರಕ್ಕೆ ಯಾರನ್ನು ಬೈಯುವುದು?

ಮರುದಿನ ಮುಂಜಾನೆ ಕಾಕು ಹೂವು ಹಿಡಿದು ಬಂದಳು. ಅಕ್ಕ ಮೊಣಕೈಯನ್ನು ಒಂದು ದಿಂಬಿನ ಮೇಲೆ ಊರಿಕೊಂಡು ಪೂಜೆ ಮಾಡುತ್ತಿದ್ದಳು. ನನ್ನ ಕೈ ಬೇಡ, ದಿಂಬು ನಡೆಯುತ್ತದೆ! ಲಿಂಗ ಅಲುಗುತ್ತಿರಲಿಲ್ಲ.

“ಇವತ್ತ ಶಿವ ಬಂದಿಲ್ಲೇನ?” ಎಂದಳು ಕಾಕು.

“ಲಿಂಗ ಅಲ್ಲ ಕಾಕು ನಡಗತಿದ್ದದ್ದು, ನನ್ನ ರಟ್ಟಿ. ಮೊದಲ ಉಂಡ ಬಾ, ಆಮ್ಯಾಲ ನೋಡೂಣು ಅಂದಾನ ಶಿವ.”

ಕಾಕು ಹೂವನ್ನು ಜಗುಲಿಯ ಮೇಲಿಟ್ಟು ಹೋದಳು. ಮುಖ ಊದಿತ್ತು. ನಾನೇ ಅಕ್ಕನ ತಲೆ ಕೆಡಿಸಿದೆ, ಮನೆಗೆ ಬಂದ ದೇವರನ್ನು ಓಡಿಸಿದೆ ಎಂದು ಓಣಿಯಲ್ಲಿ ಹೇಳಿದಳಂತೆ. ಹೇಳಲಿ. ಅಂದು ಅಕ್ಕ ನನ್ನ ಎದುರು ಕೂತು ಹೆಸರುಕಾಳಿನ ಪಲ್ಯ ಹಾಕಿಕೊಂಡು ರೊಟ್ಟಿ ಉಂಡಳು, ತಾಟು ತೊಳೆದು ಕುಡಿದಳು. ಆ ನೀರು ಕುಡಿದ ಸಪ್ಪಳ ನನಗೆ ಗುಡಿಯ ಗಂಟೆಗಿಂತ ಹೆಚ್ಚಾಗಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ರಗಳೆ. ಮಡಕೆಕಾಳು ನೆನೆಹಾಕು, ಮೊಸರು ಗಟ್ಟಿ ಇರಲಿ, ಶೇಂಗಾ ಚಟ್ನಿ ಎಲ್ಲಿ? ಡಾಕ್ಟರಬಾಯಿ ಹೇಳಿದಂತೆ ಕುರ್ಚಿಯಲ್ಲಿ ಕೂತು ಏಳುವುದು, ಸಣ್ಣ ತಂಬಿಗೆಯಲ್ಲಿ ನೀರು ತುಂಬಿ ಎತ್ತಿ ಇಳಿಸುವುದು. ಏಳುವಾಗ “ಶಿವಾ” ಎಂದು ಉಸಿರು ಬಿಡುತ್ತಿದ್ದಳು. “ಹೋಗ್ಲಿ ಇನ್ನೊಂದೀಟ ಕೊಬ್ಬ,” ಎನ್ನುತ್ತಿದ್ದಳು. ಮಗಳ ಬಾಣಂತನಕ್ಕೆಂದು ಕಟ್ಟಿದ ಅಂಟಿನ ಉಂಡೆಯಲ್ಲಿ ಒಂದನ್ನು ಕದ್ದು ತಿಂದು ಸಿಕ್ಕಿಬಿದ್ದಳು. ಆದರೆ ರಟ್ಟೆ ಅಷ್ಟು ಬೇಗ ತುಂಬಲಿಲ್ಲ. ಕೂಸು ಕಾಯಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು, ಅದಕ್ಕಿಂತ ದೊಡ್ಡ ದಯೆ ಇಲ್ಲ. ಎರೆಯುವ ದಿನ ಬಂತು. ಅಕ್ಕ ಮಣೆಯನ್ನು ತಾನೇ ತಂದು ಬಚ್ಚಲಲ್ಲಿ ಇಟ್ಟಳು. ಎಣ್ಣೆ ಕಾಯಿಸಿದಳು. ಕೂಸನ್ನು ಎತ್ತಿಕೊಂಡು ಒಂದು ಗಳಿಗೆ ನಿಂತಳು. ಆಮೇಲೆ ನನ್ನ ಕೈಗೆ ಕೊಟ್ಟಳು.

“ಕೂಡ,” ಎಂದಳು.

“ನಾನ?”

“ಮತ್ತ ಯಾರು, ಕಾಕು?”

ಗೋಡೆಯ ಕಡೆ ಮುಖ ಮಾಡುತ್ತಿದ್ದ ಹೇಡಿಯನ್ನು ಮಣೆಯ ಮೇಲೆ ಕೂಡಿಸಿ, ತಾನು ಸ್ಟೂಲಿನ ಮೇಲೆ ಕೂತು ಬೈಯತೊಡಗಿದಳು. “ಕುತ್ತಗಿ ಹಿಡಿ! ಹಿಟ್ಟೇನ ಅದು? ನೀರ ಮೊದಲ ನಿನ್ನ ಕಾಲಿಗೆ ಹಾಕಿ ನೋಡ! ಗದ್ದ ಮ್ಯಾಲ ಇರಲಿ, ಮೂಗಿನಾಗ ಹೋದೀತು! ಹೆಗಲಿಂದ ಹಿಡಿ ಸಣ್ಣಾಕಿ, ಬೆರಳಿಂದ ಅಲ್ಲ!” ದಿನಾ ಇದೇ. ಸೀರೆಯೆಲ್ಲ ಒದ್ದೆ, ಬೆನ್ನು ನೋವು, ಮೇಲೆ ಬೈಗುಳ. ಒಂದು ದಿನ ನಾನೂ ಸಿಟ್ಟಿಗೆದ್ದೆ. “ಅಷ್ಟ ಬರತಿದ್ರ ನೀವ ಎರೀರಿ!” ಎಂದುಬಿಟ್ಟೆ. ಅಕ್ಕ ಬಾಯಿ ಮುಚ್ಚಿದಳು. ಬಚ್ಚಲಲ್ಲಿ ನೀರಿನ ಸಪ್ಪಳವೊಂದೇ ಉಳಿಯಿತು. ಆ ಮೌನವನ್ನು ನನ್ನಿಂದ ತಡೆಯಲಾಗಲಿಲ್ಲ. “ಬೈರಿ ಅಕ್ಕಾ, ಗದ್ದ ಇಳಿಯಾಕತ್ತೈತಿ,” ಎಂದೆ. ತಕ್ಷಣ ಬೈದಳು.

ಕೂಸನ್ನು ಹುಕ್ಕೇರಿಗೆ ಕಳಿಸುವ ದಿನ ಮುಂಜಾನೆ ಅಕ್ಕ ನನಗಿಂತ ಮೊದಲೇ ಬಚ್ಚಲಲ್ಲಿದ್ದಳು. ಮಣೆಯ ಮೇಲೆ ಕೂತು ಕಾಲು ನೀಡಿದ್ದಳು. “ಕೊಡ,” ಎಂದಳು. ಕೊಟ್ಟೆ. ಎಡ ಅಂಗೈಯಲ್ಲಿ ಕೂಸಿನ ಎದೆ ಮತ್ತು ಗದ್ದ ಕೂತವು. ತೋಳು ಸ್ವಲ್ಪ ಅಲುಗಿತು. ನಾನು ನನಗೇ ತಿಳಿಯದೆ ಅವಳ ಮೊಣಕೈಯ ಕೆಳಗೆ ಕೈ ಇಟ್ಟೆ.

“ಕೈ ತಗಿ!” ಎಂದಳು. ಹೊಡೆಯಲು ಈ ಸಲ ಅವಳಿಗೆ ಬಿಡುವಾದ ಕೈ ಇರಲಿಲ್ಲ.

ಎರೆದಳು. ನಾನು ಗೋಡೆಯ ಕಡೆ ಮುಖ ಮಾಡಲಿಲ್ಲ.

ಹಳೆಯ ರಟ್ಟೆ ಪೂರ್ತಿ ತಿರುಗಿ ಬರಲಿಲ್ಲ. ರೊಟ್ಟಿಯ ಸಪ್ಪಳ ಓಣಿಯ ತುದಿ ಮುಟ್ಟಲಿಲ್ಲ, ಕಾಕುವಿನ ಗೋಡೆಯವರೆಗೆ ಹೋಗುತ್ತಿತ್ತು, ಅಷ್ಟೇ. ಸ್ವಲ್ಪ ತೂಕ ತಿರುಗಿ ಬಂತು. “ಮತ್ತ ದಪ್ಪ ಆದ್ರಿ,” ಎಂದವರಿಗೆ ಅಕ್ಕ ತಂಬಿಗೆ ಎತ್ತಿ ತೋರಿಸುತ್ತಿದ್ದಳು. ಮೊಮ್ಮಗಳು ನಡೆಯಲು ಕಲಿತು, ಓಡಲು ಕಲಿತು, ಅಜ್ಜಿಗೆ ಎದುರು ಮಾತಾಡಲು ಕಲಿಯುವಷ್ಟು ಕಾಲ ದೇವರು ಕೊಟ್ಟ.

ಹೋದ ಶ್ರಾವಣದಲ್ಲಿ ಅಕ್ಕ ಹೋದಳು. ಮಧ್ಯಾಹ್ನ ಉಂಡು, ತಾಟು ತೊಳೆದು ಕುಡಿದು, ಎದೆ ಹಿಡಿದಂಗಾಗೈತಿ ಎಂದು ಗೋಡೆಗೆ ಒರಗಿದಳು. ದವಾಖಾನೆಯ ದಾರಿಯಲ್ಲೇ ಮುಗಿಯಿತು.

ಸಂಜೆಗೆ ಮನೆ ತುಂಬಿತು. ನಮ್ಮ ರೀತಿಯಂತೆ ಅಕ್ಕನನ್ನು ಕೂಡಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳ ತುಂಬ ಹೂವು. ಬಂದವರಲ್ಲಿ ಯಾರೋ ಒಬ್ಬರು, “ನಡುವ ಒಂದೀಟ ದಿನ ಸಣ್ಣ ಆಗಿದ್ರಲ್ಲ, ಎಷ್ಟ ಛಂದ ಕಾಣತಿದ್ರು,” ಎಂದರು. ಸತ್ತವರ ಮನೆಯಲ್ಲಿ ಜಗಳವಾಡಬಾರದೆಂದು ತುಟಿ ಕಚ್ಚಿಕೊಂಡೆ. ಬಾಗಿಲ ಬಳಿ ನಿಂತಿದ್ದ ಕಾಕು ಅವರ ಕಡೆ ತಿರುಗಿ, “ಸುಮ್ನಿರವಾ, ಏನ ಗೊತ್ತೈತಿ ನಿನಗ,” ಎಂದಳು. ಅವಳಿಗೆ ಅದು ಯಾವಾಗ ತಿಳಿಯಿತೋ, ಯಾರು ಹೇಳಿದರೋ, ನಾನು ಕೇಳಿಲ್ಲ.

ಅಯ್ಯನವರು ಕೊನೆಯ ಪೂಜೆಗೆಂದು ಕರಡಿಗೆಯಿಂದ ಲಿಂಗ ತೆಗೆದರು. ಅಕ್ಕನ ಎಡಗೈಯನ್ನು ಬಿಡಿಸಿ, ಆ ತಗ್ಗಿನಲ್ಲಿ ಲಿಂಗ ಇಟ್ಟು, ಕೈಯನ್ನು ಎತ್ತಿ ಹಿಡಿದರು. ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ಕೈ ನನ್ನನ್ನು ಕೇಳದೆಯೇ ಹೋಗಿ ಅವಳ ಮೊಣಕೈಯ ಕೆಳಗೆ ಕೂತಿತು.

“ನಾ ಹಿಡದೇನಿ ತಾಯಿ, ನೀವ ಬಿಡ್ರಿ,” ಎಂದರು ಅಯ್ಯನವರು ಮೆಲ್ಲಗೆ.

ಬಿಡಲಿಲ್ಲ. ಒಂದು ಗಳಿಗೆ ಹಾಗೆಯೇ ಹಿಡಿದುಕೊಂಡು, ಅಕ್ಕನ ಮುಖ ನೋಡುತ್ತ, ಬೈಯಲಿ ಎಂದು ಕಾದೆ.